ಗಣಪಣ್ಣ ಮಡಿಸಿಕೊಟ್ಟ ಕವಳ

ಗಣಪಣ್ಣ ಒಳಗೆ ಕರೆದನೆಂದರೆ ಏನೇನು ಕೆಡಬಹುದು? ಯಲ್ಲಾಪುರಕ್ಕೆ ಎತ್ತಂಗಡಿ ಮಾಡಬಹುದು. ನಾನು ಅತ್ತ ಹೋದೊಡನೆ ಇತ್ತ ತುಂಬುಬಸುರಿ ಹೆಂಡತಿಗೆ ನೋವು ಶುರುವಾಗಬಹುದು. ಹುಟ್ಟಿದ ಮಗು ನನ್ನನ್ನು ನೆಂಟನೆಂದು ತಿಳಿಯಬಹುದು. ಇವೆಲ್ಲಕ್ಕಿಂತ ಕೆಟ್ಟದ್ದೆಂದರೆ, ಅವನು ನನ್ನನ್ನು ಹೊಗಳಬಹುದು.

ಶಿರಸಿಯ ನಮ್ಮ ಮೋಟಾರು ಕಂಪನಿಗೆ ಅವನು ಮ್ಯಾನೇಜರು, ನಾನು ಗುಮಾಸ್ತ. ಯಾರೇ ಎದುರಿಗೆ ಕೂತರೂ ತಾನೇ ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು, ಕವಳ ಮಡಿಸಿ ಕೊಡುತ್ತಿದ್ದ. ಸುಣ್ಣ ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಯಲ್ಲಿ ರಸ ತುಂಬಿದ ಮೇಲೆಯೇ ಮಾತು ಶುರು. ಉಗುಳಲು ಅಂಗಳ ದಾಟಿ ಬೇಲಿಯವರೆಗೆ ಹೋಗಬೇಕು. ಹಾಗಾಗಿ ಎಲ್ಲರೂ ತಲೆಯಾಡಿಸುತ್ತಿದ್ದರು. ಉಗುಳಿ ಬರುವಷ್ಟರಲ್ಲಿ ಹುಕುಂ ಹೊರಟಾಗಿರುತ್ತಿತ್ತು.

"ಬ್ಯಾಡ ಅನ್ನೋಕೆ ಬಾಯಲ್ಲಿ ಜಾಗ ಎಲ್ಲಿತ್ತು ರಾಯರೇ?" ಎಂದು ಡ್ರೈವರ್ ಹುಸೇನ್ ಸಾಬರು ಗೊಣಗುತ್ತಲೇ ಸಿದ್ದಾಪುರದ ಬಸ್ಸು ಹತ್ತುತ್ತಿದ್ದರು.

ಹಾಗಂತ ಕಂಪನಿ ಕೆಟ್ಟಿತೇ? ಇಲ್ಲ. ಅವನ ಮೇಲೆ ನನ್ನ ಅನುಮಾನ ಬಲಿತದ್ದೇ ಅದರಿಂದ. ಹುಸೇನ್ ಸಾಬರಿಗೂ ಡ್ರೈವರ್ ದೇವಪ್ಪನಿಗೂ ಮುಖ ಕಂಡರಾಗದು. ಗಣಪಣ್ಣ ಇಬ್ಬರಿಗೂ, ಒಬ್ಬನಿಗೆ ಗೊತ್ತಾಗದಂತೆ ಇನ್ನೊಬ್ಬನಿಗೆ, "ನಿನ್ನಷ್ಟು ಚಲೋ ಗಾಡಿ ಹೊಡಿಯೋರು ಇಲ್ಲ ಅಂತ ಅವನೇ ಹೇಳಿದ" ಎಂದ. ಎರಡೂ ಶುದ್ಧ ಸುಳ್ಳು. ಆ ಮಳೆಗಾಲದಲ್ಲಿ ದೇವಪ್ಪನ ಬಸ್ಸು ಕೆಸರಲ್ಲಿ ಹೂತಾಗ ಹಗ್ಗ ಹಿಡಿದು ಓಡಿದವರು ಹುಸೇನ್ ಸಾಬರೇ.

ಅವನು ನನ್ನನ್ನು ಕರೆದ ದಿನ ಹಲ್ಲು ಕಚ್ಚಿಕೊಂಡು ಒಳಹೊಕ್ಕೆ. ಕವಳ ಮುಟ್ಟಬಾರದು, ಅಷ್ಟೇ.

"ಹಲ್ಲುನೋವು, ಗಣಪಣ್ಣ."

ಅವನು ತಟ್ಟೆಯನ್ನು ಸರಿಸಿಬಿಟ್ಟ. "ಹಾಂಗಾರೆ ಬ್ಯಾಡ ಬಿಡು ತಮಾ. ಯಲ್ಲಾಪುರದ ಏಜೆಂಟ ಬಿಟ್ಟು ಹೋದ. ನಿಂಗೆ ಮನೇಲಿ ಬಸುರಿ ಹೆಂಡ್ತಿ. ನೀ ಹೋಪದೆಂತ ಬ್ಯಾಡ, ಆನೇ ಹೋಗ್ತೆ."

ನನ್ನ ಬದಲು ತಾನೇ ಹೋಗುತ್ತಾನಂತೆ! ನನಗೆ ಇನ್ನಷ್ಟು ಭಯವಾಯಿತು. ಬೇಡವೆನ್ನಲು ಬಾಯಿ ಖಾಲಿಯಿಟ್ಟುಕೊಂಡು ಬಂದವನಿಗೆ ಬೇಡವೆನ್ನುವಂಥದ್ದೇ ಸಿಗಲಿಲ್ಲ!

ಮರುದಿನ ಬಸ್ಸಿನ ಕಿಟಕಿಯಿಂದ ಅವನ ಕೈ ಹೊರಬಂತು. ಕೈಯಲ್ಲಿ ಕವಳ. "ಹಲ್ಲುನೋವು ಹೋತಲಾ?" ಎಂದು ನಕ್ಕ. ನಾಚಿಕೆಯಾಗಿ ಬಾಯಿಗೆ ಹಾಕಿಕೊಂಡೆ. ಅಗಿಯುತ್ತಿದ್ದಂತೆ, "ಇನ್ನು ಇಲ್ಲಿದು ಪೂರಾ ನೀನೇ ನೋಡ್ಕ್ಯಳವು. ಆ ಇಬ್ರನ್ನೂ ಹೊಗಳ್ತಾ ಇರು" ಎಂದ. ತಲೆಯಾಡಿಸಿದೆ. ಬಸ್ಸು ಹೊರಟಿತು.

ಹೆರಿಗೆ ಸುಸೂತ್ರವಾಯಿತು. ಮಗು ನನ್ನ ಗುರುತು ಹಿಡಿಯಿತು. ಅವನ ಕುರ್ಚಿಯಲ್ಲಿ ಕೂತು ಸುಳ್ಳು ಹೇಳುವುದನ್ನೂ ಕಲಿತೆ. ಗಣಪಣ್ಣ ಮಾತ್ರ ತಿರುಗಿ ಬರಲಿಲ್ಲ. ಮೊದಲೇ ಇದ್ದ ಎದೆನೋವು ಯಲ್ಲಾಪುರದಲ್ಲಿ ಅವನನ್ನು ಒಯ್ದಿತು. ಅದನ್ನವನು ಯಾರಿಗೂ ಹೇಳಿರಲಿಲ್ಲ.

ಆ ದಿನ ನಾನು ಹೆದರಿದ್ದರಲ್ಲಿ ಒಂದೂ ಕೆಡಲಿಲ್ಲ. ಕೆಟ್ಟದ್ದು ಕಿಟಕಿಯಿಂದ ಕೊಟ್ಟ ಆ ಕವಳ. ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟು, "ಹೋಗಿ ಬಾ" ಎನ್ನಲಾಗಲಿಲ್ಲ. ಬೇಕೆಂದೇ ಹಾಕಿದನೋ, ಕೈ ನಡುಗಿತ್ತೋ, ಇಂದಿಗೂ ನನಗೆ ಅನುಮಾನ.