ನಡುಕ ನುಂಗುವ ನಳಿಗೆ

ಆಮೇಲೆ ವರ್ಷ ತುಂಬುವ ಮೊದಲೇ ಮಾರಿಬಿಟ್ಟ ಜೀಪಿಗೆ ಅಷ್ಟು ದುಡ್ಡು ಕೊಟ್ಟು ಡ್ಯಾಂಪರ್ ಯಾಕೆ ಹಾಕಿಸಿದಿರಿ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೇಳುವವರಿಗೇನು, ಅವರು ಆ ಜೀಪಿನಲ್ಲಿ ಕೂತವರಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆಯವರು ಹೊನ್ನಾವರದಲ್ಲಿ ಹಳೆಯ ಜೀಪೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಇವತ್ತು ಕುಮಟೆ, ನಾಳೆ ಭಟ್ಕಳ. ಸ್ವಲ್ಪ ಜೋರಾಗಿ ಹೋಗುವಾಗ ಹೊಂಡ ಸಿಕ್ಕಿದರೆ ಮುಂದಿನ ಗಾಲಿಗಳು ಗಡಗಡ ಅದುರಿ, ಸ್ಟೇರಿಂಗು ಹಿಡಿತಕ್ಕೆ ಸಿಗದೆ ಕುಣಿಯುತ್ತಿತ್ತು. ಅವರು ಜೀಪನ್ನು ಬೈದಾಗಲೆಲ್ಲ ನಾನು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಛೇಡಿಸುತ್ತಿದ್ದೆ. ಅವರು ನಗುತ್ತಿದ್ದರು.

ಆಮೇಲೆ ನಗು ನಿಂತಿತು. ಮನೆಗೆ ಬಂದು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡರೆ ಅರ್ಧ ಪಂಚೆಯ ಮೇಲೇ ಚೆಲ್ಲುತ್ತಿತ್ತು.

"ದಿನಾ ಸ್ಟೇರಿಂಗ್ ಹಿಡದು ಹಿಡದು ಅದ್ರ ನಡುಕ ಕೈಗೆ ಇಳದದೆ" ಎಂದರು.

ದೋಣಿಯಿಂದ ಇಳಿದ ಮೇಲೂ ನೆಲ ತೂಗಿದ ಹಾಗೆ ಅನ್ನಿಸುತ್ತದಲ್ಲ, ಇದೂ ಹಾಗೇ ಎಂದು ನಾನೂ ನಂಬಿದೆ. ಆದರೂ ಒಳಗೊಳಗೇ ಹೆದರಿಕೆ. ಕೈ ಹೋದರೆ ಜೀಪು ಹೋಯಿತು, ಜೀಪು ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ರಸ್ತೆ ಕಾಣದೆ ಎರಡು ದಿನ ಮನೆಯಲ್ಲಿ ಕೂತರೆ ಮನುಷ್ಯ ಬಾಡಿ ಹೋಗುತ್ತಿದ್ದರು. ನಾನೇನು ಕಡಿಮೆಯಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಭಟ್ಕಳದ ಮೇಸ್ತ್ರಿಯ ಹತ್ತಿರ ಜೀಪು ತೋರಿಸಲು ಹೊರಟಾಗ ನಾನೂ ಹತ್ತಿ ಕೂತೆ.

ಮೇಸ್ತ್ರಿ ಜೀಪಿನಡಿ ಮಲಗಿ ನೋಡಿ ಎದ್ದ. ಮುಂದಿನ ಗಾಲಿಗಳ ನಡುವೆ ಒಂದು ಗಿಡ್ಡ ನಳಿಗೆ, ಅದರೊಳಗೆ ಎಣ್ಣೆ ಇರಬೇಕು. ಅದೇ ಡ್ಯಾಂಪರ್.

"ಇದರಲ್ಲಿ ಎಣ್ಣೆ ಎಲ್ಲಾ ಸೋರಿ ಹೋಗಿದೆ. ಸವೆದದ್ದು ಬೇರೆಲ್ಲಾ ನಾನು ಆಗಲೇ ಬದಲಿ ಮಾಡಿದ್ದೇನೆ. ಬೊಂಬಾಯಿಂದ ದಪ್ಪದ್ದು ತರಿಸಿ ಹಾಕಿದ್ರೆ ಒಳ್ಳೇದು. ಆದ್ರೆ ಅದು ನಡುಕ ನುಂಗ್ತದೆ ಅಷ್ಟೇ, ರೋಗ ತೆಗೆಯೂದಿಲ್ಲ" ಎಂದ.

ಬೆಲೆ ಕೇಳಿದರೆ ಮೂಗಿಗಿಂತ ಮೂಗುತಿ ಭಾರ.

"ಬ್ಯಾಡ ಬಿಡು. ಗಟ್ಟಿ ಹಿಡದ್ರೆ ಆತು" ಎಂದರು ಇವರು.

"ಗಟ್ಟಿ ಹಿಡೀಲಿಕ್ಕೆ ಕೈ ಉಳೀಬೇಕಲ್ಲ" ಎಂದೆ. ಹಟ ಹಿಡಿದು ತರಿಸಿದವಳು ನಾನೇ.

ಅದನ್ನು ಕೂರಿಸಿದ ದಿನ ಮೇಸ್ತ್ರಿಯ ಅಂಗಳದಲ್ಲಿ ನಾನು ಅತ್ತಿಂದಿತ್ತ ತಿರುಗಿದ್ದೇ ತಿರುಗಿದ್ದು. "ಒಂದು ಕಡೆ ಸುಮ್ಮಂಗೆ ಕೂತ್ಕ ಮಾರಾಯ್ತಿ" ಎಂದು ಇವರು ಎರಡು ಸಲ ಹೇಳಿದರು. ವಾಪಸು ಬರುವಾಗ ಶಿರಾಲಿ ದಾಟಿತು, ಮಂಕಿ ಊರಿನ ಹತ್ತಿರ ದೊಡ್ಡ ಹೊಂಡ ಬಂತು. ನಾನು ಸೀಟು ಬಿಗಿಹಿಡಿದೆ. ಗಾಲಿ ಒಮ್ಮೆ ಅದುರಿ ಅಲ್ಲಿಗೇ ಸುಮ್ಮನಾಯಿತು. ಎಷ್ಟು ಖುಷಿಯಾಯಿತೆಂದರೆ, "ಇನ್ನೂ ಜೋರು ಬಿಡಿ" ಎಂದೆ. ಬಿಟ್ಟರು ಕೂಡ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ಗಾಡಿಗಳು ಹೊಳೆ ದಾಟಬೇಕಿತ್ತು. ಕಾಸರಕೋಡಿನಲ್ಲಿ ಜೀಪನ್ನು ಜಂಗಲ್ ಹತ್ತಿಸಿ ಇಂಜಿನ್ ಬಂದ್ ಮಾಡಿದರು. ನಡುಹೊಳೆಯಲ್ಲಿ ಟಕಟಕ ಎಂದು ಸಣ್ಣ ಸದ್ದು. ನೋಡಿದರೆ ಅವರ ಬೆರಳಿನ ಉಂಗುರ ಸ್ಟೇರಿಂಗಿಗೆ ತಾಗುತ್ತಿತ್ತು. ಡ್ಯಾಂಪರಿನ ಸಂತೋಷ ಎಂದುಕೊಂಡೆ.

"ಎಂತ, ತಾಳ ಹಾಕ್ತ್ರಿ?"

ಅವರು ತಮ್ಮ ಕೈಯನ್ನೇ ನೋಡುತ್ತ ಕೂತರು.

"ನಾ ಹಾಕ್ತಾ ಇಲ್ಲ" ಎಂದರು.

ಇಂಜಿನ್ ಓಡುತ್ತಿಲ್ಲ, ರಸ್ತೆ ಇಲ್ಲ, ಜೀಪನ್ನು ಬೈಯುವ ಹಾಗೂ ಇಲ್ಲ. ಉಂಗುರ ತೆಗೆದು ನನ್ನ ಕೈಗೆ ಕೊಟ್ಟರು. ಸದ್ದು ನಿಂತಿತು.

ಹೊನ್ನಾವರದ ದಡದಲ್ಲಿ ಎರಡು ಹಲಗೆಗಳ ಮೇಲೆ ಗಾಡಿ ಇಳಿಸಬೇಕು. ಜಾರಿದರೆ ಹೊಳೆಗೇ, ಹಾಗಾಗಿ ಆಗ ಓಡಿಸುವವರ ಹೊರತು ಒಳಗೆ ಯಾರೂ ಕೂರುವುದಿಲ್ಲ.

"ನೀ ಇಳಿ" ಎಂದರು.

"ನಡೀರಿ" ಎಂದೆ, ಇಳಿಯಲಿಲ್ಲ.

ಜೀಪು ನೆಟ್ಟಗೆ ದಡಕ್ಕೆ ಇಳಿಯಿತು. ಅವರು ಎದುರು ನೋಡುತ್ತಲೇ, "ಕೊಟ್ಟ ದುಡ್ಡು ಸಾರ್ಥಕ ಅಲ್ದ?" ಎಂದು ಕೇಳಿದರು.

"ಸಾರ್ಥಕ" ಎಂದೆ. ಉಂಗುರ ನನ್ನ ಮುಷ್ಟಿಯಲ್ಲೇ ಇತ್ತು.