ಭಾನುವಾರದ ಹಕಾರ

ತಮಿಳುನಾಡಿನ ಗಡಿಯೊಳಗಿರುವ ನಮ್ಮ ಪಣಕಹಳ್ಳಿಯಲ್ಲಿ ಯಾರ ನಾಲಿಗೆಯಲ್ಲೂ ಹಕಾರ ನಿಲ್ಲುವುದಿಲ್ಲ. ಹೊಲ ನಮಗೆ ಒಲ, ಹಸು ಅಸು, ಹಾಸನೂರು ಆಸನೂರು. ತಮಿಳಿನವರೂ ಆಸನೂರು ಅಂತಲೇ ಅನ್ನುವುದರಿಂದ ಅದೊಂದು ಕೊರತೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ಆ ಹಾಸನೂರಿನ ರಸ್ತೆ ಬದಿ ಹೊಸ ಹೋಟೆಲೊಂದು ಎದ್ದು, ಮುಂಬಾಗಿಲಲ್ಲಿ ಕೂತು ಬಂದವರನ್ನು ಇಂಗ್ಲಿಷಿನಲ್ಲಿ ಮಾತಾಡಿಸುವ ಹುಡುಗಿ ಬೇಕು ಅಂದರು ನೋಡಿ, ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಪ್ಲಸ್ ಟೂ ಮುಗಿಸಿಯೂ ಅವ್ವನ ಜೊತೆ ಕಂಡವರ ಹೊಲದಲ್ಲಿ ಜೋಳ ಮುರಿಯುತ್ತಿದ್ದವಳು ನಾನು. ನನಗೆ ಆ ಕುರ್ಚಿ ಬೇಕೇ ಬೇಕಿತ್ತು. ಹಾಸನೂರಿನ ಕಡೆ ಹೋಗುವ ಬಸ್ಸು ಕಂಡರೂ ಮುರಿಯುವುದು ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದೆ.

ತಾಳವಾಡಿಯಲ್ಲಿ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರು ಸತ್ಯಮಂಗಲದಿಂದ ಭಾನುವಾರ ಮಾತ್ರ ಬರುತ್ತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೂ ಒಂದೇ ಸಮ ‘ಹಲೋ, ಹೌಸ್, ಹೆಲ್ಪ್’ ಅನ್ನಿಸುತ್ತಿದ್ದರು. ಗಂಟಲು ಒಣಗಿದರೂ ಸಂಜೆ ಹೊತ್ತಿಗೆ ಹಕಾರ ಸರಾಗವಾಗಿ ಬರುತ್ತಿತ್ತು. ಬಸ್ಸಿನಲ್ಲಿ ಹಿಗ್ಗಿಕೊಂಡು ಮನೆಗೆ ಬರುತ್ತಿದ್ದೆ. ಮಂಗಳವಾರ ನೋಡಿದರೆ ಅದರ ಸುಳಿವೇ ಇಲ್ಲ! ಒಬ್ಬಳೇ ಹೇಳಿಕೊಂಡರೆ ಬಂತೋ ಇಲ್ಲವೋ ನನ್ನ ಕಿವಿಗೇ ತಿಳಿಯದು. ‘ಹಲೋ’ನೋ ‘ಅಲೋ’ನೋ ಎಂದು ಅವ್ವನನ್ನು ಕೇಳಿದರೆ, “ಎಲ್ಡೂ ಒಂದೇ ತರ ಕೇಳ್ತದ ಕಣಮ್ಮಿ, ಸುಮ್ನೆ ಕೆಲ್ಸ ನೋಡು” ಅಂದಳು.

ಹೋಟೆಲಿನ ಕೆಲಸದ ವಿಷಯ ಹೇಳಿ ಮೇಷ್ಟ್ರನ್ನೇ ಬೇಡಿಕೊಂಡೆ. “ಸಾ, ದಿನಾ ಸಂಜೆ ಬೂತಿಂದ ಫೋನ್ ಮಾಡ್ತೀನಿ. ನಾಕು ಮಾತು ಕೇಳ್ಕಂಡು ತಪ್ಪಾದ್ರೆ ಏಳಿ, ಸಾಕು. ಬೇಕಾದ್ರೆ ಭಾನುವಾರ ನನ್ನ ಬೇಗ್ನೆ ಬುಟ್ಬುಡಿ.”

“ಫೋನಲ್ಲೆಲ್ಲ ಪಾಠ ಆಗಲ್ಲಮ್ಮಾ. ಭಾನುವಾರ ಇನ್ನೂ ಸ್ವಲ್ಪ ಹೊತ್ತು ಜಾಸ್ತಿ ಕೂತ್ಕೋ” ಅಂದರು.

ವಾರದ ಮುದ್ದೆಯನ್ನೆಲ್ಲ ಒಂದೇ ದಿನ ಉಂಡುಬಿಡು ಅಂದರೆ ಯಾರಾದರೂ ಉಣ್ಣುತ್ತಾರಾ?

ಹೋಟೆಲಿನವರು ಇಂಟರ್‌ವ್ಯೂಗೆ ಕರೆದದ್ದು ಶನಿವಾರ. ಎಲ್ಲಾ ವಾರ ಬಿಟ್ಟು ಶನಿವಾರ! ಇಂಗ್ಲಿಷ್ ಬಾಯಿಗೆ ಬಿದ್ದು ಆರು ದಿನ ಆಗಿತ್ತು. “ಸಂಜೆ ಗಿರಾಕಿ ಬಂದರು ಅಂತ ಇಟ್ಕೊಳ್ಳಿ, ಮಾತಾಡಿಸಿ” ಎಂದರು ಮ್ಯಾನೇಜರು. ಬಾಯಿ ಬಿಟ್ಟರೆ “ಅಲೋ” ಅಂತ ಬಂತು. ಅದನ್ನು ಸರಿಮಾಡುವ ಗಾಬರಿಯಲ್ಲಿ ಬೇಡದ ಕಡೆ ಹಕಾರ ತುರುಕಿದೆ: “ಗುಡ್ ಹೀವ್ನಿಂಗ್, ವೆಲ್ಕಮ್ ಟು ಅವರ್ ಓಟೆಲ್.” ಮ್ಯಾನೇಜರು ನಗು ನುಂಗಿಕೊಂಡು, “ನೀರು ಕುಡಿದು ಇನ್ನೊಂದ್ಸಲ ಹೇಳಮ್ಮ” ಎಂದರು. ಇನ್ನೊಂದು ಸಲವೂ ಅದೇ ಹಣೆಬರಹ. ನನ್ನ ನಂತರ ಒಳಗೆ ಹೋದ ಹುಡುಗಿಗೆ ಕೆಲಸ ಕೊಟ್ಟರು.

ಮಾರನೆಯ ದಿನ ಮನೆಯಲ್ಲಿ ಅವ್ವನ ಮುಖ ನೋಡಲಾಗದೆ ಕ್ಲಾಸಿಗೆ ಹೋಗಿ ಕೂತೆ. ಯಾರಿಗೂ ಏನೂ ಹೇಳಲಿಲ್ಲ. ಮೇಷ್ಟ್ರು ಎಂದಿನಂತೆ ಇಡೀ ದಿನ ಅರೆದರು. ಸಂಜೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ಹಲೋ, ಗುಡ್ ಈವ್ನಿಂಗ್. ಹೌ ಕ್ಯಾನ್ ಐ ಹೆಲ್ಪ್ ಯು?”

ಒಂದಕ್ಷರ ಜಾರಲಿಲ್ಲ. ಸಿಟ್ಟಿಗೆ ನನ್ನ ನಾಲಿಗೆಯನ್ನೇ ಕಚ್ಚಿಬಿಡೋಣ ಅನ್ನಿಸಿತು. ಮೇಷ್ಟ್ರಿಗೆ ಖುಷಿಯೋ ಖುಷಿ. ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿ, “ನೋಡಿದ್ಯಾ, ಇಡೀ ದಿನ ಕೂತಿದ್ದಕ್ಕೆ ಹೇಗೆ ಬಂತು! ಇಂಟರ್‌ವ್ಯೂ ಯಾವಾಗಮ್ಮಾ?” ಎಂದರು.

“ನೆನ್ನೆ, ಸಾ.”