ರಬ್ಬರ್ ಹಾಲಿನಲ್ಲಿ ಅದ್ದಿದ ಕಲ್ಲು

ಶುಭಶ್ರೀ ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಆದರೆ ಅವಳ ಸಂಶೋಧನೆಯೆಲ್ಲ ಮಂಗಳ ಗ್ರಹದ ನೆಲದ ಬಗ್ಗೆ. ಅಲ್ಲಿಗೆ ಹೋಗಲಾಗದವರಿಗೆ ಅಲ್ಲಿಂದ ಸಿಡಿದು ಭೂಮಿಗೆ ಬಿದ್ದ ಉಲ್ಕಾಶಿಲೆಗಳೇ ಗತಿ. ವರ್ಷಗಟ್ಟಲೆ ಅವಳ ಕೈಗೆ ಬಂದದ್ದು ಉಗುರಿನಷ್ಟು ಚೂರುಗಳು, ಅವೂ ಎರವಲು. ಅವುಗಳಲ್ಲಿ ಜೀವದ ಸುಳಿವಾಗಬಹುದಾದ ಇಂಗಾಲ ಸಿಕ್ಕಿದರೂ ಅದು ಮಂಗಳದ್ದೋ, ಬಿದ್ದ ಮೇಲೆ ಇಲ್ಲಿನ ಮಣ್ಣು ನೀರಿನಿಂದ ಸೇರಿದ್ದೋ ಹೇಳುವಂತಿರಲಿಲ್ಲ. ಅಲ್ಲಿ ಜೀವ ಇತ್ತೇ ಎಂಬ ಪ್ರಶ್ನೆ ಪ್ರತಿ ಸಲವೂ ಅಲ್ಲಿಗೇ ನಿಲ್ಲುತ್ತಿತ್ತು. ಆಗಷ್ಟೇ ಬಿದ್ದ, ಏನೂ ತಾಗದ ಒಂದು ಕಲ್ಲು ಬೇಕಿತ್ತು ಅವಳಿಗೆ. ಇಂಥ ಆಸೆಯನ್ನು ನೆಂಟರ ಮುಂದೆ ಹೇಳಿಕೊಳ್ಳಲಾಗುತ್ತದೆಯೇ?

ಕಳೆದ ಮಳೆಗಾಲದಲ್ಲಿ ಅದು ಬಿತ್ತು. ಬೆಳ್ತಂಗಡಿ ಕಡೆಯ ರಬ್ಬರ್ ಕೃಷಿಕ ಧರ್ಣಪ್ಪನ ದನದ ಹಟ್ಟಿಯ ಹಂಚು ಒಡೆದು, ಬೈಹುಲ್ಲಿನ ಮೇಲೆ. ಅವನ ಮಗಳು ಮೋಕ್ಷಿತಾ ಶುಭಶ್ರೀಯ ವಿದ್ಯಾರ್ಥಿನಿ. ಅವಳಿಂದ ನಂಬರ್ ಪಡೆದು ಧರ್ಣಪ್ಪ ಫೋನ್ ಮಾಡಿದಾಗ ಶುಭಶ್ರೀ ನರಿಕೊಂಬಿನ ತವರಿನಲ್ಲಿದ್ದಳು. ನೇತ್ರಾವತಿ ನದಿ ಉಕ್ಕಿ ರಸ್ತೆ ಮುಳುಗಿತ್ತು.

"ಕೈ ತಾಗಿಸಬೇಡಿ ಧರ್ಣಪ್ಪಣ್ಣ. ನೀರಂತೂ ಒಂದು ಹನಿ ಸಹ ತಾಗಬಾರದು. ನೆರೆ ಇಳಿದ ಕೂಡಲೇ ಬರ್ತೇನೆ."

"ಅದು ನನಗೆ ಬಿಡಿ ಮೇಡಂ."

ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಹಂಚು ಒಡೆದ ಮಾಡು ಸೋರುತ್ತಿತ್ತು. ಕಲ್ಲನ್ನು ಇಕ್ಕಳದಲ್ಲಿ ಹಿಡಿದು, ಮರದಿಂದ ಇಳಿಸಿದ ರಬ್ಬರ್ ಹಾಲಿನಲ್ಲಿ ಅದ್ದಿದ. ಒಣಗಿದ ಮೇಲೆ ಇನ್ನೊಮ್ಮೆ ಅದ್ದಿದ. ಶುಭಶ್ರೀ ತಲುಪುವಾಗ ಕಲ್ಲು ಹಳದಿ ಚೆಂಡಾಗಿತ್ತು.

"ಇನ್ನು ಒಂದು ಹನಿ ಒಳಗೆ ಹೋಗ್ಲಿಕ್ಕಿಲ್ಲ" ಎಂದ, ಹೆಮ್ಮೆಯಿಂದ.

ಅವಳಿಗೆ ಅಳು ಬಂತು. ನುಂಗಿಕೊಂಡು ಚಾ ಕುಡಿದಳು.

ಪ್ರಯೋಗಾಲಯದಲ್ಲಿ ಕೊಯ್ದಾಗ ಒಳಗೆ ಬೂದು ಬಣ್ಣದ ಕಲ್ಲು. ಅದರ ಗಾಜಿನಂಥ ಕಣಗಳಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಮಂಗಳದ ಗಾಳಿಗೆ ಹೊಂದಿತು. ಬಿರುಕುಗಳಲ್ಲಿ ಇಂಗಾಲವೂ ಇತ್ತು. ಆದರೆ ರಬ್ಬರ್ ಹಾಲಿನ ತುಂಬ ಇರುವುದೂ ಇಂಗಾಲವೇ. ಯಾವುದು ಮಂಗಳದ್ದು, ಯಾವುದು ಧರ್ಣಪ್ಪನ ಮರದ್ದು ಎಂದು ಬೇರ್ಪಡಿಸಲಾಗಲಿಲ್ಲ.

ಕಲ್ಲಿನ ಸುದ್ದಿಯ ಜೊತೆ ಪೇಪರಿನಲ್ಲಿ ತನ್ನ ಹೆಸರೂ ಬಂದ ಖುಷಿಯಲ್ಲಿ ಧರ್ಣಪ್ಪ ಒಂದು ಚೀಲ ಮುಳ್ಳುಸೌತೆ ಹಿಡಿದುಕೊಂಡು ಕಾಲೇಜಿಗೆ ಬಂದ.

"ಮೇಡಂ, ಅಲ್ಲಿ ಜೀವ ಉಂಟಾ ಹಾಗಾದ್ರೆ?"

"ಈ ಕಲ್ಲಿನಿಂದ ಗೊತ್ತಾಗುವುದಿಲ್ಲ. ಇನ್ನೊಂದು ಬೀಳಬೇಕು."

"ಬೀಳಲಿ ಮಾರಾಯ್ರೆ! ಹಾಲು ತೆಗೆದಿಡ್ತೇನೆ."

ಶುಭಶ್ರೀ ಸುಮ್ಮನಿದ್ದರೆ ಅವನು ನಗುತ್ತಲೇ ಮನೆಗೆ ಹೋಗುತ್ತಿದ್ದ. ಆದರೆ ಇನ್ನೊಂದು ಬಿದ್ದರೆ?

"ಹಾಲು ಬೇಡ ಧರ್ಣಪ್ಪಣ್ಣ" ಎಂದಳು.

ಅವನು ಅವಳ ಮುಖ ನೋಡಿದ. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟ.

"ನೀವು ಕೈ ಮತ್ತೆ ನೀರು ತಾಗಬಾರದು ಅಂತ ಮಾತ್ರ ಹೇಳಿದ್ದು" ಎಂದ, ಮೆಲ್ಲನೆ.

"ಹೌದು. ಅಷ್ಟೇ ಹೇಳಿದ್ದು ನಾನು" ಎಂದಳು ಶುಭಶ್ರೀ.